ಸೀಗೆಹಟ್ಟಿಯ ಹಲ್ಲುಪಟ್ಟಿ

ಒಂದು ಯಂತ್ರ ಬಂತು ಅಂತ ಇಟ್ಕೊಳ್ಳಿ. ಮಗುವಿನ ಬಾಯಿಂದ ಉದುರಿದ ಒಂದು ಹಾಲುಹಲ್ಲು ಅದರೊಳಗೆ ಹಾಕಿದ್ರೆ ಸಾಕು, ಆ ಮಗು ಯಾವ ನೆಲದ ನೀರು ಕುಡಿದು ಬೆಳೀತು ಅಂತ ಒಂದೇ ನಿಮಿಷದಲ್ಲಿ ಹೇಳಿಬಿಡುತ್ತೆ. ಒಳ್ಳೇ ಊರಿಗೆ ಬಂದಿದ್ರೆ ಅದು ಕಳೆದುಹೋದ ಮಕ್ಕಳನ್ನ ಮನೆ ಮುಟ್ಟಿಸ್ತಿತ್ತೇನೋ. ಬಂದಿದ್ದು ಸೀಗೆಹಟ್ಟಿಗೆ. ಇಲ್ಲಿ ಮನೇಲಿರೋ ಮಕ್ಕಳನ್ನ ಕಳೆಯೋದಕ್ಕೇ ಅದನ್ನ ತರಿಸಿದ್ರು.

ಹನ್ನೊಂದು ವರ್ಷದ ಹಿಂದೆ ಕಡಲು ಕರಾವಳಿಯ ಹದಿನಾಲ್ಕು ಊರು ನುಂಗ್ತು. ಊರು ಕಳ್ಕೊಂಡೋರು ಗಂಟು ಮೂಟೆ ಕಟ್ಕೊಂಡು ಘಟ್ಟ ಹತ್ತಿ ಬಯಲುಸೀಮೆಗೆ ಬಂದ್ರು. ಸೀಗೆಹಟ್ಟಿಗೆ ಬಂದಿದ್ದು ಮುನ್ನೂರು ಸಂಸಾರ. ಸರ್ಕಾರ ಕಾಗದದಲ್ಲಿ ನಿರಾಶ್ರಿತರು ಅಂತ ಬರೀತು. ನೀರೇ ಓಡಿಸಿದ ಜನ ಅಲ್ವಾ, ಊರೋರು ನೀರಾಶ್ರಿತರು ಅಂದ್ರು. ಆಗ ಅದು ಬರೀ ತಮಾಷೆ, ಅದರಲ್ಲಿ ವಿಷ ಇರಲಿಲ್ಲ. ಮೊದಲ ವಾರ ಹೈಸ್ಕೂಲ್ ಮೈದಾನದಲ್ಲಿ ದೊಡ್ಡ ಬಾಣಲೆ ಇಟ್ಟು ಅವರಿಗೆಲ್ಲ ಉಪ್ಪಿಟ್ಟು ಕೆದಕಿ ಬಡಿಸಿದೋನು ತಿಪ್ಪೇಶ, ಫ್ಲೆಕ್ಸ್ ಅಂಗಡಿಯೋನು. ಬಡಿಸ್ತಾ ಬಡಿಸ್ತಾ ಅತ್ತಿದ್ದ ಕೂಡ. ಇದನ್ನ ಈಗ ಅವನಿಗೆ ನೆನಪಿಸಿದ್ರೆ ಕೇಸು ಹಾಕ್ತಾನೆ.

ವಿಷ ಬಂದಿದ್ದು ಓಂಕಾರಪ್ಪ ಮೇಷ್ಟ್ರ ಬಾಯಿಂದ. ಮೂವತ್ತು ವರ್ಷ ಭೂಗೋಳ ಪಾಠ ಹೇಳಿ ರಿಟೈರಾದ ಮೇಲೆ ಭೂ ಬಿಟ್ಟು ಬರೀ ಗೋಳು ಹಿಡ್ಕೊಂಡ್ರು. ‘ನಮ್ಮ ಮಣ್ಣು’ ಅಂತ ಪಕ್ಷ ಕಟ್ಟಿದ್ರು. “ನಮ್ಮ ನೀರು ಕುಡೀತಾರೆ, ನಮ್ಮ ಶಾಲೇಲಿ ಕೂರ್ತಾರೆ, ಇನ್ನಿಪ್ಪತ್ತು ವರ್ಷಕ್ಕೆ ನಿಮ್ಮ ಮೊಮ್ಮಕ್ಕಳು ನಿಮ್ಮನ್ನ ಮಾರಾಯ್ರೇ ಅಂತ ಕರೀತಾವೆ!” ಮೊದಲ ವರ್ಷ ಜನ ನಕ್ಕರು. ಎರಡನೇ ವರ್ಷ ನಗದೆ ಕೇಳಿಸ್ಕೊಂಡ್ರು. ಮೂರನೇ ವರ್ಷ ಅದನ್ನೇ ತಾವೇ ಯೋಚಿಸಿದ ಹಂಗೆ ಹೇಳ್ಕೊಂಡು ಓಡಾಡಿದ್ರು. ಆರನೇ ವರ್ಷ ಮೇಷ್ಟ್ರು ಶಾಸಕರು, ತಿಪ್ಪೇಶ ತಾಲ್ಲೂಕು ಅಧ್ಯಕ್ಷ. ಉಪ್ಪಿಟ್ಟು ಕೆದಕಿದ ಕೈ ಈಗ ಊರು ಕೆದಕ್ತಿತ್ತು.

ಪಕ್ಷದ ಮೊದಲ ಹೋರಾಟ ನಲ್ಲಿಯದ್ದು. ಸೀಗೆಹಟ್ಟಿಯ ಬೋರ್‌ವೆಲ್ ನೀರಲ್ಲಿ ಫ್ಲೋರೈಡ್ ಜಾಸ್ತಿ. ಆ ನೀರು ಕುಡಿದು ಬೆಳೆದೋರ ಹಲ್ಲಲ್ಲಿ ಕಂದು ಗೆರೆ. ಅದಕ್ಕೇ ಸರ್ಕಾರ ಕಡಲತೀರದಲ್ಲಿ ದೊಡ್ಡ ಸ್ಥಾವರ ಕಟ್ಟಿ, ಉಪ್ಪುನೀರನ್ನ ಸಿಹಿ ಮಾಡಿ, ಪೈಪಲ್ಲಿ ಇಲ್ಲೀತನಕ ಹತ್ತಿಸಿತ್ತು. ನಿರಾಶ್ರಿತರು ಬರೋಕೆ ಒಂದು ವರ್ಷ ಮೊದಲೇ ಊರಿಗೆಲ್ಲ ಆ ನೀರು ಬಂದಿತ್ತು. ಅವರು ನೆಲೆಸಿದ ಕ್ಯಾಂಪಿಗೂ ಪೈಪು ಹಾಕೋ ದಿನ ತಿಪ್ಪೇಶ ಹುಡುಗರನ್ನ ಕರ್ಕೊಂಡು ಹೋಗಿ ಗುಂಡಿಯೊಳಗೆ ಮಲಗಿಬಿಟ್ಟ. “ನಮ್ಮ ಮಕ್ಕಳ ನೀರು ನಮ್ಮ ಮಕ್ಕಳಿಗೆ!” ಪೈಪು ವಾಪಸ್ ಹೋಯ್ತು. ಕ್ಯಾಂಪಿಗೆ ಊರು ಬಿಟ್ಟ ಹಳೇ ಬೋರ್‌ವೆಲ್ಲೇ ಗತಿ ಆಯ್ತು.

ಆಮೇಲೆ ಬಂತು ಮೂಲ ಕಾಯ್ದೆ. ಈ ನೆಲದೋರಲ್ಲದೋರನ್ನ ಕಡಲತೀರದ ‘ತವರು ಶಿಬಿರ’ಕ್ಕೆ ಕಳಿಸೋದು. ಮೊದಲು ಹತ್ತು ವರ್ಷದ ಒಳಗಿನ ಮಕ್ಕಳು, ಆಮೇಲೆ ದೊಡ್ಡೋರು. ಮಕ್ಕಳನ್ನ ಮುಂದೆ ಕಳಿಸಿದ್ರೆ ದೊಡ್ಡೋರು ತಾವಾಗೇ ಹಿಂದೆ ಓಡಿ ಬರ್ತಾರೆ ಅನ್ನೋದು ಮೇಷ್ಟ್ರ ಭೂಗೋಳ. ತವರು ಅಂದ್ರೆ ತಗಡಿನ ಶೆಡ್ಡು, ಉಬ್ಬರದ ಹೊತ್ತಲ್ಲಿ ಮಂಚದ ಕೆಳಗೆ ನೀರು. ಪಕ್ಕದ ಜಿಲ್ಲೆಯಿಂದ ಬರೀ ಹೆಸರು ನೋಡಿ ಅರವತ್ತು ಮಕ್ಕಳನ್ನ ಅಲ್ಲಿಗೆ ಕಳಿಸಿದ್ರು. ಮಳೆಗಾಲ ಮುಗಿದಾಗ ಹಾಜರಿ ಪುಸ್ತಕದಲ್ಲಿ ನಲವತ್ತೇಳು. ಹೆಸರು ನೋಡಿ ಕಳಿಸೋದು ತಪ್ಪು ಅಂತ ಕೋರ್ಟು ಬೈತು. ಕಳಿಸೋದೇ ತಪ್ಪು ಅನ್ನಲಿಲ್ಲ, ವೈಜ್ಞಾನಿಕ ಆಧಾರ ಬೇಕು ಅಂತು. ಮೂಲವ್ಯಾಧಿ ಬಂದೋರ ಹಂಗೆ ಕೂತಲ್ಲಿ ಕೂರಲಾರದೆ ಒದ್ದಾಡ್ತಿದ್ದ ಮೇಷ್ಟ್ರಿಗೆ ಆಧಾರ ಸಿಕ್ತು. ನೆಲೆಮಾಪಕ, ಅದೇ ಆ ಹಲ್ಲಿನ ಯಂತ್ರ.

ಊರೆಲ್ಲ ಫ್ಲೆಕ್ಸ್ ಎದ್ದವು: “ಹಲ್ಲು ಸುಳ್ಳು ಹೇಳಲ್ಲ!” ಅಚ್ಚು ಹಾಕಿದ್ದು ತಿಪ್ಪೇಶ. ಯಂತ್ರ ನಡೆಸೋಕೆ ಲೈಸೆನ್ಸ್ ಇದ್ದ ಒಬ್ಬಳೇ ಟೆಕ್ನಿಷಿಯನ್ ನಾಗವೇಣಿ, ತಿಪ್ಪೇಶನ ಹೆಂಡ್ತಿ.

*

ಹಾಲುಹಲ್ಲು ಬಿದ್ರೆ ಸಗಣೀಲಿ ಸುತ್ತಿ ಮಾಡಿನ ಮೇಲೆ ಎಸೆಯೋದು ನಮ್ಮ ಪದ್ಧತಿ. ಕಡಲಿನೋರೂ ಹಂಗೇ ಎಸೀತಾರೆ. ಈಗ ಎಸೆದ್ರೆ ಅಪರಾಧ. ಗ್ರಾಮಲೆಕ್ಕಿಗರು ಏಣಿ ಹಾಕ್ಕೊಂಡು ಮನೆಮನೆ ಮೇಲೆ ಹತ್ತಿ ಒಣಗಿದ ಸಗಣಿ ಉಂಡೆ ಒಡೆದು ಹಲ್ಲು ಹುಡುಕಿದ್ರು. ಅದೇ ಈ ಊರಿನ ದಂತಕಥೆ. ಹಂಗೆ ತಲೆಗೊಂದರಂತೆ ಕೂಡಿದ್ದು ಊರಿನ ಮಕ್ಕಳ ಮುನ್ನೂರ ನಲವತ್ತು ಹಲ್ಲು, ಕ್ಯಾಂಪಿನ ಮಕ್ಕಳ ಇನ್ನೂರ ಹನ್ನೊಂದು.

ಸೋಮವಾರ ಮೈದಾನದಲ್ಲಿ ಎಲ್ಲರ ಕಣ್ಣೆದುರು ಯಂತ್ರ ತಾನೇ ಪಟ್ಟಿ ತೋರಿಸೋದು ಅಂತ ನಿಗದಿ ಆಗಿತ್ತು. ಅದಕ್ಕೆ ಮೊದಲು ಗುರುವಾರ ಬೆಳಗ್ಗೆ ನಾಗವೇಣಿ ಎಲ್ಲ ಹಲ್ಲನ್ನೂ ಒಂದು ಸಲ ಸುಮ್ಮನೆ ಓಡಿಸಿ ನೋಡಿದ್ಲು. ಸಂಜೆ ಹೊತ್ತಿಗೆ ಪರದೆ ನೋಡಿ ಯಂತ್ರದ ತಲೆಗೆ ಎರಡೇಟು ಕೊಟ್ಲು, ಹಳೇ ಟೀವಿಗೆ ಕೊಡೋ ಹಂಗೆ.

ಊರಿನ ಮುನ್ನೂರ ನಲವತ್ತರಲ್ಲಿ ಮುನ್ನೂರ ಇಪ್ಪತ್ತೊಂಬತ್ತು ಮಕ್ಕಳು ಕಡಲಿನೋರು. ಕ್ಯಾಂಪಿನ ಇನ್ನೂರ ಹನ್ನೊಂದೂ ಅಪ್ಪಟ ಸೀಗೆಹಟ್ಟಿಯೋರು.

ಹೋದ ವರ್ಷ ಕೀಳಿಸಿದ ತನ್ನ ದವಡೆ ಹಲ್ಲು ಡಬ್ಬೀಲಿತ್ತು. ಅದನ್ನ ಹಾಕಿದ್ಲು. ‘ಸೀಗೆಹಟ್ಟಿ’ ಅಂತು. ಯಂತ್ರ ಸರಿಯಾಗೇ ಇತ್ತು. ಮಗಳು ಚಿನ್ಮಯಿಯ ಹಲ್ಲನ್ನ ಮೂರು ಸಲ ಹಾಕಿದ್ಲು. ಮೂರು ಸಲವೂ ಕಡಲು.

ಶುಕ್ರವಾರ ಸುದ್ದಿ ತಿಳಿದು ಮೇಷ್ಟ್ರೂ ತಿಪ್ಪೇಶನೂ ಲ್ಯಾಬಿಗೆ ಬಂದ್ರು. ಮೇಷ್ಟ್ರು ಕಟ್ಟಿಸಿದ ಹಲ್ಲು ತೋರಿಸಿ ನಕ್ಕು, “ಏನ್ ತಾಯಿ, ಯಂತ್ರಕ್ಕೂ ಮಾರಾಯ್ರೇ ಕಾಯಿಲೆ ಬಂತಾ?” ಅಂದ್ರು.

“ಯಂತ್ರಕ್ಕೆ ಏನೂ ಆಗಿಲ್ಲ ಮೇಷ್ಟ್ರೇ. ಬಂಡೆಯೊಳಗೆ ಸ್ಟ್ರಾನ್ಷಿಯಂ ಅಂತ ಒಂದು ಧಾತು ಇರುತ್ತೆ. ಅದರಲ್ಲಿ ಹಗುರದ್ದು, ಭಾರದ್ದು ಅಂತ ಎರಡು ಬಗೆ. ಅವೆರಡು ಎಷ್ಟೆಷ್ಟು ಅನ್ನೋದು ಒಂದೊಂದು ಸೀಮೆ ಬಂಡೇಲಿ ಒಂದೊಂದು ಥರ. ಅದು ನೀರಿಗೆ ಇಳಿಯುತ್ತೆ, ನೀರಿಂದ ಹಲ್ಲಿಗೆ. ಹಲ್ಲು ಒಂದ್ಸಲ ಕಟ್ಟಿಕೊಂಡ ಮೇಲೆ ಬದಲಾಗಲ್ಲ. ನಮ್ಮೂರ ಬಂಡೆ ತುಂಬ ಹಳೇದು, ಅದರ ಗುರುತು ಬೇರೆ. ಕಡಲಿನ ಗುರುತು ಬೇರೆ.”

“ಸರಿ, ನನ್ನ ಮಗಳ ಹಲ್ಲಲ್ಲಿ ಕಡಲು ಎಲ್ಲಿಂದ ಬಂತೇ?” ತಿಪ್ಪೇಶ ಗದರಿದ. “ನಾನೇನು ಅವಳನ್ನ ದೋಣೀಲಿ ಹೆತ್ನಾ?”

“ಹೆತ್ತೋಳು ನಾನು ಕಣ್ರಿ. ಬಸುರೀಲಿ ಕುಡಿದಿದ್ದು ನಲ್ಲಿ ನೀರು. ಆ ನೀರು ಬರೋದು ಕಡಲಿಂದ. ಉಪ್ಪು ತೆಗೆದ ಮೇಲೆ ಸಪ್ಪೆ ಆಗುತ್ತೆ ಅಂತ ಅದಕ್ಕೆ ಚಿಪ್ಪಿನ ಸುಣ್ಣ ಬೆರೆಸಿ ಕಳಿಸ್ತಾರೆ. ಚಿಪ್ಪು ಬೆಳೆಯೋದು ಎಲ್ಲಿ, ಕಡಲಲ್ಲೇ. ಹನ್ನೆರಡು ವರ್ಷದಿಂದ ನಮ್ಮ ಮಕ್ಕಳೆಲ್ಲ ಕಡಲನ್ನೇ ಕುಡ್ಕೊಂಡು ಬೆಳೆದಿವೆ. ಕ್ಯಾಂಪಿನ ಮಕ್ಕಳು ನಮ್ಮ ಬಂಡೆ ನೀರು ಕುಡ್ದಿವೆ. ಪೈಪು ಹಾಕಬೇಡಿ ಅಂತ ಗುಂಡೀಲಿ ಮಲಗಿದ್ದು ಯಾರು? ನೀವೇ ಮಲಗಿ ಅವರನ್ನ ಈ ಮಣ್ಣಿನ ಮಕ್ಕಳು ಮಾಡಿದ್ರಿ.”

ತಿಪ್ಪೇಶ ಮೇಷ್ಟ್ರ ಮುಖ ನೋಡಿದ. ಮೇಷ್ಟ್ರಿಗೆ ಏನೂ ಆಗಲಿಲ್ಲ. ಅವರು ಪಾಠ ಹೇಳೋ ದನೀಲಿ ಅಂದ್ರು:

“ನೋಡವ್ವಾ, ಇದರಲ್ಲೇನಿದೆ. ಊರಿನ ಕವರ್ ಮೇಲೆ ಮಗುವಿನ ಹೆಸರಿನ ಜೊತೆ ‘ಊ’ ಅಂತಿದೆ, ಕ್ಯಾಂಪಿನ ಕವರ್ ಮೇಲೆ ‘ಕ್ಯಾ’ ಅಂತಿದೆ. ಹಲ್ಲು ಅಲ್ಲಲ್ಲೇ ಇರ್ಲಿ. ಕವರ್ ಮಾತ್ರ ಬದಲಾಯಿಸು. ಹಲ್ಲೂ ಸುಳ್ಳು ಹೇಳಲ್ಲ, ಯಂತ್ರವೂ ಸುಳ್ಳು ಹೇಳಲ್ಲ.”

“ಮತ್ತೆ ಸುಳ್ಳು ಹೇಳೋರು ಯಾರು?”

“ಅದಕ್ಕೇ ಪಕ್ಷ ಅಂತ ಇರೋದು ತಾಯಿ,” ಅಂದು ಮೇಷ್ಟ್ರು ಹೆಗಲ ಮೇಲಿನ ಟವೆಲ್ ಸರಿ ಮಾಡ್ಕೊಂಡು ಹೊರಟ್ರು.

*

ಶನಿವಾರ ಸುಗಂಧಿ ಬಂದ್ಲು. ಕ್ಯಾಂಪಿನೋಳು. ಹದಿನೇಳರ ವಯಸ್ಸಲ್ಲಿ ಅಪ್ಪನ ಹೆಣ ಕಡಲಿಗೆ ಬಿಟ್ಟು ಘಟ್ಟ ಹತ್ತಿದೋಳು, ಈಗ ಬೀಡಿ ಕಾರ್ಖಾನೇಲಿ ಎಲೆ ಕತ್ತರಿಸ್ತಾಳೆ. ಜೊತೇಲಿ ಎಂಟು ವರ್ಷದ ಮಗಳು ಪಾವನಿ. ಮುಂದಿನ ಹೊಸ ಹಲ್ಲೆರಡರಲ್ಲೂ ಕಂದು ಗೆರೆ.

“ಎಂತ ಬಂತು ಮೇಡಂ, ನನ್ನ ಹುಡುಗಿಯದ್ದು?”

“ಸೋಮವಾರ ಗೊತ್ತಾಗುತ್ತಮ್ಮ.”

“ಸೋಮವಾರ ಬಸ್ಸು ಬರ್ತದೆ. ಬಸ್ಸು ಬಂದ ಮೇಲೆ ಗೊತ್ತಾಗಿ ಎಂತ ಮಾಡ್ಲಿಕ್ಕುಂಟು?” ಸುಗಂಧಿ ಮೇಜಿನ ಮೇಲೆ ಎರಡೂ ಕೈ ಊರಿದ್ಲು. “ನೋಡಿ, ನನ್ನನ್ನ ಕಳಿಸಿ. ನನ್ನ ಹಲ್ಲು ಕಡಲಿನದ್ದೇ, ಸುಳ್ಳು ಹೇಳುದಿಲ್ಲ. ಇವಳು ಹುಟ್ಟಿದ್ದು ನಿಮ್ಮ ಆಸ್ಪತ್ರೆಯಲ್ಲಿ, ಕುಡಿದದ್ದು ನೀವು ದನಕ್ಕೂ ಕೊಡದ ನೀರು. ಆ ಶಿಬಿರದಲ್ಲಿ ನನ್ನ ಅಕ್ಕನ ಮಗ ಇದ್ದ. ಆರು ವರ್ಷದವ. ಈಗ ಇಲ್ಲ. ಎಂತಾಯ್ತು ಅಂತ ಕೇಳಿದ್ರೆ, ಜ್ವರ ಅಂತ ಒಂದು ಚೀಟಿ ಕಳಿಸಿದ್ರು. ಚೀಟಿಯಲ್ಲಿ ಹೆಸರು ಕೂಡ ತಪ್ಪು.”

ನಾಗವೇಣಿ ಪಾವನಿ ಕಡೆ ನೋಡಿದ್ಲು. ಮಗು ಯಂತ್ರದ ಗಾಜಿಗೆ ಮೂಗು ಒತ್ತಿ, “ಇದು ಬೋಂಡ ಕರಿಯುವ ಮಿಷನ್ನಾ ಅಮ್ಮ?” ಅಂತು.

“ಹೌದು,” ಅಂದ್ಲು ಸುಗಂಧಿ. “ನಮ್ಮನ್ನ ಹಾಕಿ ಕರೀತಾರೆ.”

*

ಭಾನುವಾರ ಮಧ್ಯಾಹ್ನ ಮನೇಲಿ ಮುದ್ದೆ ತಟ್ಟೆ ಮುಂದೆ ಇಟ್ಕೊಂಡು ತಿಪ್ಪೇಶ ಉಣ್ಣದೆ ಕೂತಿದ್ದ.

“ಕವರ್ ಬದಲಾಯಿಸಿದ್ಯಾ?”

“ಇಲ್ಲ.”

“ನಾಗೂ, ನಿಂಗೆ ತಲೆ ಕೆಟ್ಟಿದೆಯಾ? ನಮ್ಮ ಚಿನ್ನೂನ ಆ ಶೆಡ್ಡಿಗೆ ಕಳಿಸ್ತೀಯಾ?”

“ಶೆಡ್ಡು ಅಂತೀರಲ್ಲ! ಹೋದ ತಿಂಗಳು ನೀವೇ ಮೈಕಲ್ಲಿ ತವರು ಅಂದ್ರಿ. ಊಟ, ಪಾಠ, ಆಟ ಎಲ್ಲ ಇದೆ ಅಂದ್ರಿ. ನಮ್ಮ ಮಗಳು ಹೋಗೋದಾದ್ರೆ ಶೆಡ್ಡು, ಸುಗಂಧಿ ಮಗಳು ಹೋಗೋದಾದ್ರೆ ತವರಾ?”

“ಆ ಮಗು ನಿನಗೇನಾಗ್ಬೇಕು?”

“ಏನೂ ಆಗ್ಬೇಕಾಗಿಲ್ಲ. ನಿಮಗೆ ಏನಾಗ್ಬೇಕಿತ್ತು ಅವಳ ಅಮ್ಮ? ಅವತ್ತು ಉಪ್ಪಿಟ್ಟು ಬಡಿಸುವಾಗ ಅತ್ತಿದ್ರಲ್ಲ, ಯಾವ ಸಂಬಂಧಕ್ಕೆ ಅತ್ರಿ?”

ತಿಪ್ಪೇಶ ತಟ್ಟೆ ತಳ್ಳಿ ಎದ್ದ. “ಅವತ್ತು ನಂಗೆ ತಿಳುವಳಿಕೆ ಇರಲಿಲ್ಲ.”

“ಇವತ್ತು ಅದೊಂದೇ ಇರೋದು,” ಅಂದ್ಲು ನಾಗವೇಣಿ. “ಬೇರೆ ಏನೂ ಉಳ್ಕೊಂಡಿಲ್ಲ ನಿಮ್ಮಲ್ಲಿ.”

ಅವನು ಬಾಗಿಲಲ್ಲಿ ನಿಂತು ತಿರುಗಿ, ಕಾಲು ಹಿಡಿಯೋನ ದನೀಲಿ, “ಒಂದೇ ಒಂದು ಕವರ್ ಕಣೇ. ನಮ್ಮದೊಂದೇ. ಇನ್ನೊಂದ್ಯಾವುದಾದ್ರೂ ಇಟ್ಬಿಡು,” ಅಂದ. ಇನ್ನೊಂದು ಯಾವುದು ಅಂತ ಇಬ್ಬರಿಗೂ ಗೊತ್ತಿರಲಿಲ್ಲ. ಯಾವುದಾದ್ರೂ ಒಂದು ಮಗು ಅಷ್ಟೇ. ನಾಗವೇಣಿಗೆ ಮೈ ಉರಿದು ಹೋಯ್ತು. ಅವಳು ಅವನ ತಟ್ಟೆ ಎತ್ಕೊಂಡು ಒಳಗೆ ಹೋದ್ಲು.

*

ಸೋಮವಾರ ಬೆಳಗ್ಗೆ ಹತ್ತಕ್ಕೆ ಹೈಸ್ಕೂಲ್ ಮೈದಾನ ತುಂಬಿತ್ತು. ಒಂದು ಕಡೆ ಊರಿನೋರು ಶಾಮಿಯಾನದ ಕೆಳಗೆ, ಇನ್ನೊಂದು ಕಡೆ ಕ್ಯಾಂಪಿನೋರು ಬಿಸಿಲಲ್ಲಿ. ಮಧ್ಯೆ ಐದು ಬಸ್ಸು, ಮುಂದೆ ದೊಡ್ಡ ಪರದೆ. ಮಂಡಕ್ಕಿ ಮಾರೋನು ಕೂಡ ಬಂದಿದ್ದ. ಮಕ್ಕಳನ್ನ ಸಾಗಹಾಕೋದು ನೋಡೋಕೆ ಬಂದ ಜನಕ್ಕೆ ಬಾಯಾಡಿಸೋಕೆ ಏನಾದ್ರೂ ಬೇಡ್ವಾ?

ನಾಗವೇಣಿ ಗುಂಡಿ ಒತ್ತಿದ್ಲು. ಕವರ್ ಒಂದೂ ಬದಲಾಗಿರಲಿಲ್ಲ. ಕಳಿಸಬೇಕಾದ ಮಕ್ಕಳ ಹೆಸರು ಒಂದೊಂದಾಗಿ ಪರದೆ ಮೇಲೆ ಬಂದ್ವು, ಯಂತ್ರವೇ ಮೈಕಲ್ಲಿ ಓದ್ತು. ಮೊದಲ ಹೆಸರಿಗೆ ಜನ ಚಪ್ಪಾಳೆ ಹೊಡೆದ್ರು. ಯಾರ ಹೆಸರು ಅಂತ ಕೇಳಿಸ್ಕೊಂಡಿರಲಿಲ್ಲ. ಮೂರನೇ ಹೆಸರಿಗೆ ಚಪ್ಪಾಳೆ ಕಮ್ಮಿ ಆಯ್ತು. ಪಂಚಾಯ್ತಿ ಉಪಾಧ್ಯಕ್ಷರ ಮೊಮ್ಮಗ, ರೇಷನ್ ಅಂಗಡಿಯೋರ ಅವಳಿ ಮಕ್ಕಳು, ಅರ್ಚಕರ ಮಗಳು. ಹದಿನಾರನೇ ಹೆಸರು ಚಿನ್ಮಯಿ ತಿಪ್ಪೇಶ. ಮೈದಾನದಲ್ಲಿ ಮಂಡಕ್ಕಿ ಅಗಿಯೋ ಸದ್ದು ನಿಂತುಹೋಯ್ತು.

ಇಲ್ಲಿಗೆ ಎಲ್ಲ ಮುಗೀಬೇಕಿತ್ತು ಅಲ್ವಾ? ನಾಚಿಕೆ ಅನ್ನೋದು ಇದ್ದಿದ್ರೆ ಮುಗೀತಿತ್ತು. ಊರಿನೋರು ತಲೆ ತಗ್ಗಿಸಿ ಆ ಕಡೆ ಬಿಸಿಲಲ್ಲಿ ನಿಂತೋರಿಗೆ ಶಾಮಿಯಾನದಲ್ಲಿ ಜಾಗ ಬಿಡ್ತಿದ್ರು. ಆದರೆ ಮೇಷ್ಟ್ರು ಮೈಕ್ ಕಿತ್ಕೊಂಡ್ರು.

“ಬಂಧುಗಳೇ! ನೋಡಿದ್ರಾ ಇವರ ಕುತಂತ್ರ? ಯಂತ್ರಕ್ಕೂ ಮೀನು ತಿನ್ನಿಸಿದ್ದಾರೆ! ಈ ಯಂತ್ರ ಹೊರಗಿನದ್ದು. ಅದರ ಮಾತು ನಮಗ್ಯಾಕೆ? ದೇವರು ಕಣ್ಣು ಕೊಟ್ಟಿದ್ದಾನೆ. ನಮ್ಮ ಮಕ್ಕಳ ಹಲ್ಲು ನೋಡಿ, ಹಾಲಿನ ಹಾಗೆ! ಅವರ ಮಕ್ಕಳ ಹಲ್ಲು ನೋಡಿ, ಕಂದು! ಬಿಳಿ ಹಲ್ಲು ನಮ್ಮದು, ಕಂದು ಹಲ್ಲು ಅವರದು. ಬಾಯಿ ತೆಗೆಸಿ ನೋಡಿ, ಬಸ್ಸು ಹತ್ತಿಸಿ!”

ಜನ ಒಬ್ಬರ ಮುಖ ಒಬ್ಬರು ನೋಡಿದ್ರು. ಅಷ್ಟೇ. ಆಮೇಲೆ ಇಡೀ ಶಾಮಿಯಾನ ಎದ್ದು ನಿಂತು ಜೈಕಾರ ಹಾಕ್ತು. ಬೋರ್‌ವೆಲ್ ಕಾಲದಲ್ಲಿ ಹುಟ್ಟಿ ಬೆಳೆದ ಗಂಡಸರು ಹೆಂಗಸರು, ತಮ್ಮ ಕಂದು ಹಲ್ಲು ಪೂರ್ತಿ ತೋರಿಸ್ಕೊಂಡು, ಬಿಳಿ ಹಲ್ಲಿಗೆ ಜೈ ಅಂದ್ರು. ಶಾಮಿಯಾನದ ಕೆಳಗಿದ್ದ ದೊಡ್ಡೋರಲ್ಲಿ ಬಿಳಿ ಹಲ್ಲಿದ್ದಿದ್ದು ಮೇಷ್ಟ್ರಿಗೆ ಒಬ್ಬರಿಗೇ. ಅದೂ ಡಾಕ್ಟರು ಕಟ್ಟಿಕೊಟ್ಟಿದ್ದು.

ಪೊಲೀಸರು ಕ್ಯಾಂಪಿನ ಮಕ್ಕಳನ್ನ ಎತ್ತೋಕೆ ಶುರು ಮಾಡಿದ್ರು. ಪಾವನಿಯನ್ನ ಒಬ್ಬ ಕಾನ್‌ಸ್ಟೇಬಲ್ ಸೊಂಟಕ್ಕೆ ಕೈ ಹಾಕಿ ಎತ್ತಿದ. ಸುಗಂಧಿ ಒಂದು ಕೈಲಿ ಬಟ್ಟೆಗಂಟು, ಇನ್ನೊಂದರಲ್ಲಿ ಅವನ ಬೆಲ್ಟ್ ಹಿಡ್ಕೊಂಡು ನೆಲದ ಮೇಲೆ ಎಳೆಸ್ಕೊಂಡೇ ಹೋಗಿ ಮೊದಲನೇ ಬಸ್ಸು ಹತ್ತಿದ್ಲು.

ನಾಗವೇಣಿ ಶಾಮಿಯಾನಕ್ಕೆ ನಡೆದು ಚಿನ್ಮಯಿಯ ಕೈ ಹಿಡಿದ್ಲು. “ಬಾ ಪುಟ್ಟಿ.”

“ಎಲ್ಲಿಗಮ್ಮ?”

“ನಿನ್ನ ಹೆಸರು ಕರೆದ್ರಲ್ಲ, ಅಲ್ಲಿಗೆ.”

ಅದೇ ಬಸ್ಸಿನ ಬಾಗಿಲಲ್ಲಿ ಇನ್ಸ್‌ಪೆಕ್ಟರ್ ಅಡ್ಡ ನಿಂತ. “ಮೇಡಂ, ನಿಮ್ಮ ಮಗು ಬಿಳಿ ಹಲ್ಲು...”

“ಪಟ್ಟೀಲಿ ಹೆಸರಿದೆ. ಪಟ್ಟೀನ ಮನುಷ್ಯರು ಯಾರೂ ತಿದ್ದಬಾರದು ಅಂತ ಕಾಯ್ದೇಲೇ ಬರೆದಿದ್ದೀರಿ. ಅದು ಬೆಳಗ್ಗೆ ಹತ್ತು ಗಂಟೆಯ ಕಾಯ್ದೆ. ಈಗಿನ ಕಾಯ್ದೆ ಬೇಕಾ? ಇಗೋ.” ಅವಳು ಬಾಯಿ ಅಗಲ ಮಾಡಿ ತನ್ನ ಕಂದು ಹಲ್ಲು ತೋರಿಸಿದ್ಲು. “ಯಾವ ಲೆಕ್ಕದಲ್ಲಿ ನೋಡಿದ್ರೂ ನಮ್ಮಿಬ್ಬರಲ್ಲಿ ಒಬ್ಬರು ಹೊರಗಿನೋರು. ಸರೀರಿ ಆ ಕಡೆ.”

ಅವನು ಸರಿದ. ಅವಳು ಮಗಳನ್ನ ಕಿಟಕಿ ಪಕ್ಕ ಕೂರಿಸಿದ್ಲು. ಬಸ್ಸು ಹೊರಡಿಸೋಕೆ ಹಸಿರು ಬಾವುಟ ಬೀಸಬೇಕಾದೋನು ತಿಪ್ಪೇಶ. ಅವನು ಬಾವುಟ ಎತ್ತಿದ, ಕಿಟಕೀಲಿ ಮಗಳ ಮುಖ ಕಂಡಿತು. ಬಾವುಟ ಬಿಸಾಕಿ ಓಡಿಬಂದು ಬಸ್ಸಿನ ಮುಂದೆ ಎರಡೂ ಕೈ ಚಾಚಿ ನಿಂತ.

“ನಿಲ್ಸಿ! ಬಸ್ ನಿಲ್ಸಿ! ಯಾರನ್ನೂ ಕಳಿಸಬೇಡಿ!”

ಯಾರನ್ನೂ ಅಂದ. ಹನ್ನೊಂದು ವರ್ಷದಲ್ಲಿ ಮೊದಲ ಸಲ. ಹಿಂದೆ ನಿಂತ ಅವನದೇ ಹುಡುಗರಿಗೆ ಕಿಟಕಿ ಕಾಣ್ತಿರಲಿಲ್ಲ, ಬಸ್ಸು ತಡೆಯೋ ಒಬ್ಬ ಗಂಡಸಿನ ಬೆನ್ನು ಮಾತ್ರ ಕಾಣ್ತಿತ್ತು.

“ಯಾವನ್ಲಾ ಅವ್ನು? ಅವರ ಏಜೆಂಟು!”

ಹಲ್ಲಿಂದ ಹಲ್ಲೆಗೆ ದೂರವೇ ಇಲ್ಲ. ನಾಲ್ಕು ಜನ ಹಿಡಿದು ತಿರುಗಿಸೋ ಹೊತ್ತಿಗೆ ಅವನ ಮುಖ ಊದಿ ಗುರುತು ಸಿಗದ ಹಾಗಾಗಿತ್ತು. “ನಾನು ಕಣ್ರೋ, ಅಧ್ಯಕ್ಷ ಕಣ್ರೋ!” ಅನ್ನೋಕೆ ಬಾಯಿ ತೆಗೆದ.

“ಕಂದು ಹಲ್ಲು! ಕಂದು ಹಲ್ಲು! ಹತ್ತಿಸ್ರೋ ಇವನ್ನ!”

ಎತ್ತಿ ಬಸ್ಸಿನೊಳಗೆ ಎಸೆದ್ರು. ಎಸೆದೋರಲ್ಲಿ ಒಬ್ಬ ಹಲ್ಲು ಕಚ್ಚಿ ಬೈದ. ಅವನ ಹಲ್ಲು ಪಕ್ಕದೋನಿಗೆ ಕಂಡ್ತು. ಅವನನ್ನೂ ಎತ್ತಿದ್ರು. ಮೈದಾನದಲ್ಲಿ ಒಬ್ಬರ ಬಾಯಿ ಒಬ್ಬರು ಬಿಡಿಸಿ ನೋಡೋಕೆ ಶುರು ಮಾಡಿದ್ರು, ಸಂತೇಲಿ ದನ ಕೊಳ್ಳೋರ ಹಂಗೆ. ಮೇಷ್ಟ್ರು ಮೈಕಲ್ಲಿ “ದೊಡ್ಡೋರದ್ದಲ್ಲ, ಮಕ್ಕಳದ್ದು, ಬರೀ ಮಕ್ಕಳದ್ದು!” ಅಂತ ಕಿರುಚ್ತಾನೇ ಇದ್ರು. ಯಾರಿಗೂ ಕೇಳಿಸಲಿಲ್ಲ. ಕೇಳಿಸ್ಕೊಳ್ಳದೆ ಚಪ್ಪಾಳೆ ತಟ್ಟೋದನ್ನ ಇಷ್ಟು ವರ್ಷ ಅವರೇ ಕಲಿಸಿದ್ರು.

ಡ್ರೈವರ್ ಚಂದ್ರಣ್ಣ ಹಾರ್ನ್ ಹೊಡೆದು “ಜಾಗ ಬಿಡ್ರೋ” ಅಂತ ತಲೆ ಹೊರಗೆ ಹಾಕಿದ. ಅವನೂ ಸೀಗೆಹಟ್ಟಿಯೋನೇ, ಬೋರ್‌ವೆಲ್ ಕಾಲದೋನೇ. ಸ್ಟೇರಿಂಗ್ ಬಿಡಿಸಿ ಹಿಂದಿನ ಸೀಟಿಗೆ ದಬ್ಬಿದ್ರು. ಐದೂ ಬಸ್ಸಿನ ಡ್ರೈವರುಗಳಿಗೆ ಅದೇ ಗತಿ. ಬಿಳಿ ಹಲ್ಲಿನ ಡ್ರೈವರ್ ಯಾರಾದ್ರೂ ಇದ್ದೀರಾ ಅಂತ ಇನ್ಸ್‌ಪೆಕ್ಟರ್ ಬಾಯಿ ಮುಚ್ಕೊಂಡೇ ವಿಚಾರಿಸಿದ. ಊರಿನೋರ ಪೈಕಿ ಸ್ವಂತ ಬಿಳಿ ಹಲ್ಲಿದ್ದೋರಲ್ಲಿ ಎಲ್ಲರಿಗಿಂತ ದೊಡ್ಡೋನು ಆರನೇ ಕ್ಲಾಸು.

ಬಸ್ಸು ಹೊರಡಲಿಲ್ಲ. ಇಂಜಿನ್ ಮಾತ್ರ ಗುರುಗುಡ್ತಾ ನಿಂತಿತ್ತು.

ತಿಪ್ಪೇಶ ಕಂಬಿ ಹಿಡ್ಕೊಂಡು ಎದ್ದ. ತುಟಿ ಸೀಳಿತ್ತು. ಹೆಂಡ್ತಿ ಪಕ್ಕ ಜಾಗ ಇರಲಿಲ್ಲ, ಮಗಳೂ ಇನ್ನೆರಡು ಮಕ್ಕಳೂ ಒತ್ತಿ ಕೂತಿದ್ವು. ನಾಗವೇಣಿ ಅವನನ್ನ ನೋಡಿದ್ಲು, ಏಳಲಿಲ್ಲ. ಎದುರು ಸೀಟಲ್ಲಿ ಸುಗಂಧಿ ಪಾವನಿಯನ್ನ ತೊಡೆ ಮೇಲೆ ಅವುಚಿಕೊಂಡು ಕೂತಿದ್ಲು. ಅವಳ ಪಕ್ಕದಲ್ಲಿ ಆ ಬಟ್ಟೆಗಂಟು, ಅದನ್ನೆತ್ತಿದ್ರೆ ಒಬ್ಬರು ಕೂರಬಹುದು. ತಿಪ್ಪೇಶ ಅದರ ಮೇಲೆ ಕೈ ಇಟ್ಟ.

“ಅಮ್ಮಾ, ಸ್ವಲ್ಪ...”

ಸುಗಂಧಿ ಗಂಟಿನ ಮೇಲೆ ತನ್ನ ಕೈ ಇಟ್ಟು ಅವನ ಕೈಯನ್ನ ಆಚೆ ತಳ್ಳಿದ್ಲು.

“ನಿಂತ್ಕೊಳ್ಳಿ ಅಧ್ಯಕ್ಷರೇ. ನಮಗೆ ಹನ್ನೊಂದು ವರ್ಷದ ಅಭ್ಯಾಸ ಉಂಟು. ನಿಮಗೆ ಇವತ್ತಿನ್ನೂ ಮೊದಲನೇ ದಿನ.”